ಮನೆಯವರು ಕಾಣೆಯಾದಾಗ: ಠಾಣೆಯ ದೂರಿನಿಂದ ಡಿಎನ್‌ಎ ಪರೀಕ್ಷೆಯವರೆಗೆ

ಮನೆಯಿಂದ ಹೋದವರು ಹೇಳಿದ ಹೊತ್ತಿಗೆ ಮರಳದೆ, ಫೋನಿಗೂ ಸಿಗದೆ ಇದ್ದಾಗ ಇಪ್ಪತ್ತನಾಲ್ಕು ಗಂಟೆ ಕಾಯಲೇಬೇಕೆಂಬ ನಿಯಮ ಕಾನೂನಿನಲ್ಲಿಲ್ಲ. ಮಂಗಳೂರಿನವರಾಗಲಿ ಉಡುಪಿಯವರಾಗಲಿ ಅಂದೇ ಹತ್ತಿರದ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಬೇಕು. ತುರ್ತಿದ್ದರೆ 112ಕ್ಕೆ ಕರೆ ಮಾಡಬಹುದು. ಕಾಣೆಯಾದವರು ಮಕ್ಕಳಾದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶಿಸಿದೆ. 1098 ಮಕ್ಕಳ ಸಹಾಯವಾಣಿ. ಕಡಲಿಗಿಳಿದವರು ಮರಳದಿದ್ದರೆ ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರಿಗೂ ತಿಳಿಸಬೇಕು.

ಪತ್ರಿಕೆಯ ಪ್ರಕಟಣೆಗಳಲ್ಲಿ ಕಾಣುವ ‘ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಶರೀರ’ ಎಂಬ ಚಹರೆ ನೂರಾರು ಜನರಿಗೆ ಹೊಂದುತ್ತದೆ. ಆದ್ದರಿಂದ ಇತ್ತೀಚಿನ ಭಾವಚಿತ್ರದ ಜೊತೆಗೆ ಹಳೆಯ ಶಸ್ತ್ರಚಿಕಿತ್ಸೆಯ ಗುರುತು, ಮೂಳೆಗೆ ಹಾಕಿದ ಪ್ಲೇಟು, ಹಚ್ಚೆ, ಕಟ್ಟಿಸಿದ ಹಲ್ಲು, ಆಡುವ ಭಾಷೆ ತುಳುವೋ ಬ್ಯಾರಿಯೋ ಕೊಂಕಣಿಯೋ ಎಂಬುದನ್ನೂ ಬರೆಸಬೇಕು. ದಂತವೈದ್ಯರ ಬಳಿಯಿರುವ ಎಕ್ಸ್‌ರೇಯನ್ನು ಕೇಳಿ ತಂದಿಡುವುದು ಒಳ್ಳೆಯದು.

ಬಹುತೇಕ ಮನೆಗಳಲ್ಲಿ ತಪ್ಪುವುದು ಇದರ ಮುಂದಿನ ಹೆಜ್ಜೆ. ಕಾಣೆಯಾದವರ ಹಲ್ಲುಜ್ಜುವ ಬ್ರಷ್, ಬಾಚಣಿಗೆ, ರೇಜರ್, ಒಗೆಯದ ಬಟ್ಟೆ ಇವನ್ನು ತೊಳೆಯದೆ, ಬೇರೆಯವರು ಬಳಸದಂತೆ, ಒಣಗಿಸಿ ಒಂದೊಂದನ್ನೂ ಪ್ರತ್ಯೇಕ ಕಾಗದದ ಲಕೋಟೆಯಲ್ಲಿಡಬೇಕು. ಪ್ಲಾಸ್ಟಿಕ್ ಚೀಲ ಬೇಡ. ನಮ್ಮ ಕರಾವಳಿಯ ತೇವ ಒಳಗೇ ಉಳಿದರೆ ಬೂಷ್ಟು ಬೆಳೆದು, ಆ ವಸ್ತುಗಳಿಗೆ ಅಂಟಿರುವ ಅವರ ಡಿಎನ್‌ಎ ಕೆಡುತ್ತದೆ. ಮನೆಯನ್ನು ಗುಡಿಸಿ ಒರೆಸುವ ಮೊದಲೇ ಈ ಕೆಲಸವಾಗಬೇಕೆಂದು ಒತ್ತಿ ಹೇಳುತ್ತೇನೆ.

ಅಪರಿಚಿತ ಶವವೋ ಅಸ್ಥಿಯೋ ಸಿಕ್ಕಾಗ ಮೊದಲು ಬೆರಳಚ್ಚು, ಹಲ್ಲು, ದೇಹದ ಗುರುತುಗಳನ್ನು ನೋಡುತ್ತಾರೆ. ಅದು ಸಾಲದಾದಾಗ ತೊಡೆಮೂಳೆ ಅಥವಾ ದವಡೆಹಲ್ಲಿನಿಂದ ಡಿಎನ್‌ಎ ತೆಗೆದು ಬಂಧುಗಳ ಮಾದರಿಯೊಂದಿಗೆ ಹೋಲಿಸುತ್ತಾರೆ. ಮಗುವಿಗೆ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುವುದರಿಂದ ಹೆತ್ತವರ ಅಥವಾ ಮಕ್ಕಳ ಮಾದರಿ ಉತ್ತಮ. ಗಂಡ ಅಥವಾ ಹೆಂಡತಿಯದು ಮಕ್ಕಳ ಮಾದರಿಯ ಜೊತೆಗಷ್ಟೇ ಉಪಯುಕ್ತ. ಹಳೆಯ ಅಸ್ಥಿಯಲ್ಲಿ ಮೈಟೋಕಾಂಡ್ರಿಯಾದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಕಣದ, ಡಿಎನ್‌ಎಯನ್ನು ನೋಡುವುದುಂಟು. ಅದು ತಾಯಿಯಿಂದಲೇ ಬರುವುದರಿಂದ, ಅಳಿಯಸಂತಾನದ ಕುಟುಂಬದಂತೆ, ತಾಯಿಯ ಒಡಹುಟ್ಟಿದ ಸೋದರಮಾವನೂ ಸೋದರಿಯ ಮಕ್ಕಳೂ ಒಂದೇ ಎಳೆಗೆ ಸೇರುತ್ತಾರೆ. ಆದರೆ ಆ ಎಳೆಯ ಎಲ್ಲರಲ್ಲೂ ಅದು ಒಂದೇ ಆಗಿರುವುದರಿಂದ ಅದೊಂದರಿಂದಲೇ ವ್ಯಕ್ತಿಯನ್ನು ನಿಶ್ಚಯಿಸಲಾಗದು.

ಮಾದರಿಯನ್ನು ಖಾಸಗಿ ಪ್ರಯೋಗಾಲಯಕ್ಕೆ ಒಯ್ಯದೆ ತನಿಖಾಧಿಕಾರಿಯ ಮೂಲಕವೇ ಕೊಡಬೇಕು. ರಕ್ತದ ಕೆಲವು ಹನಿಗಳು ಅಥವಾ ಕೆನ್ನೆಯ ಒಳಗಿನ ಸ್ವ್ಯಾಬ್ ಸಾಕು. ಮುದ್ರೆ, ಸಹಿ, ದಿನಾಂಕಗಳ ಸರಣಿ ಕಡಿಯದಿದ್ದರೆ ಮಾತ್ರ ಆ ವರದಿ ನ್ಯಾಯಾಲಯದಲ್ಲಿ ನಿಲ್ಲುತ್ತದೆ.

ಕಣ್ಣಿನ ಗುರುತನ್ನೇ ನಂಬುವಂತಿಲ್ಲ ಎಂಬುದನ್ನು ಮಂಗಳೂರು ಕಂಡಿದೆ. 2010ರ ಮೇ 22ರಂದು ಬಜ್ಪೆಯಲ್ಲಿ ವಿಮಾನ ದುರಂತಕ್ಕೀಡಾಗಿ 158 ಮಂದಿ ಮಡಿದಾಗ, ಸುಟ್ಟ ದೇಹಗಳ ಗುರುತಿಗೆ ಹೈದರಾಬಾದಿನ ತಜ್ಞರ ಡಿಎನ್‌ಎ ಪರೀಕ್ಷೆ ಬೇಕಾಯಿತು.

ಏಳು ವರ್ಷ ಸುದ್ದಿಯಿಲ್ಲದವರನ್ನು ಕಾನೂನು ಮೃತರೆಂದು ಭಾವಿಸಬಹುದು. ಡಿಎನ್‌ಎ ಹೊಂದಿಕೆಯಾದರೆ ಕುಟುಂಬ ಅಷ್ಟು ಕಾಲ ಕಾಯಬೇಕಿಲ್ಲ. ಆ ವರದಿಯ ಪ್ರತಿಯನ್ನು ಪೊಲೀಸರಿಂದ ಪಡೆದು ಮರಣ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು.