ಕಡಲೆ ಹೊಲದಲ್ಲಿ ರೋಗ ಹಂಚಿದ ತಿಗಣೆ

ನಮ್ಮದು ವಿಜಯಪುರ ಜಿಲ್ಲೆ, ಡೋಣಿ ನದಿ ಸಾಲಿನ ಎರೆ ಹೊಲ. 'ಡೋಣಿ ಹರಿದರ ಓಣೆಲ್ಲ ಕಾಳು' ಅನ್ನುವ ಸೀಮೆ. ಹಿಂಗಾರಿಗೆ ನಾಲ್ಕು ಎಕರೆ ಕಡಲೆ ಹಾಕುತ್ತೇವೆ. ಕಾಯಿಕೊರಕ ಬಿದ್ದರೆ ಆ ಕಾಳು ಮನೆ ಸೇರುವುದಿಲ್ಲ. ಮೊದಲೆಲ್ಲ ಹೂವಿಗೊಮ್ಮೆ, ಕಾಯಿಗೊಮ್ಮೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತಿದ್ದೆವು.

ಕಳೆದ ಹಿಂಗಾರಿಗೆ ಎಣ್ಣೆ ಬಿಟ್ಟು ಎನ್‌ಪಿವಿ ಹೊಡೆದೆ. ಕಾಯಿಕೊರಕಕ್ಕೆ ರೋಗ ತರುವ ನಂಜಾಣು ಇದು. ಎಕರೆಗೆ 100 ಎಲ್‌ಇ; ಒಂದು ಎಲ್‌ಇ ಅಂದರೆ ರೋಗದ ಒಂದು ಹುಳುವಿನಲ್ಲಿ ಸಿಗುವಷ್ಟು ನಂಜಾಣು. ಲೀಟರ್ ನೀರಿಗೆ 5 ಗ್ರಾಂ ಬೆಲ್ಲ, 1 ಗ್ರಾಂ ಬಟ್ಟೆಗೆ ಹಾಕುವ ನೀಲಿ. ಬೆಲ್ಲದ ರುಚಿಗೆ ಹುಳು ಜಾಸ್ತಿ ತಿನ್ನುತ್ತದೆ, ನೀಲಿ ಇದ್ದರೆ ಬಿಸಿಲಿಗೆ ನಂಜಾಣು ಬೇಗ ಕೆಡುವುದಿಲ್ಲ. ಅದಕ್ಕೇ ಹೊತ್ತು ಇಳಿದ ಮೇಲೆ ಹೊಡೆಯಬೇಕು, ಅದೂ ಹುಳು ಸಣ್ಣದಿದ್ದಾಗಲೇ. ನಾನು ತಂದಿದ್ದು ಮೂರು ಎಕರೆಗೆ ಸರಿಹೋಯಿತು. ಹಳ್ಳದ ಕಡೆಯ ಎಕರೆ ಹಾಗೇ ಉಳಿಯಿತು.

ಮೂರು ದಿನ ಏನೂ ಕಾಣಲಿಲ್ಲ. ಹುಳು ಆರಾಮಾಗಿ ಮೇಯುತ್ತಿದ್ದವು. ರಾತ್ರಿ ನಿದ್ದೆ ಬರಲಿಲ್ಲ. ಆರನೇ ದಿನ ಬುತ್ತಿ ತಂದ ಅವ್ವ ಬದುವಿನಿಂದಲೇ ಕೂಗಿದಳು: "ತಮ್ಮಾ, ಇಲ್ನೋಡೊ, ಕೀಡಿ ತಲಿಕೆಳಗಾಗಿ ಜೋತ್ಬಿದ್ದಾವ!"

ಓಡಿ ಹೋದೆ. ಹುಳುಗಳು ಗಿಡದ ತುದಿಗೆ ಹತ್ತಿ, ಹಿಂಗಾಲಲ್ಲಿ ಎಲೆ ಹಿಡಿದು ಜೋತು ಸತ್ತಿದ್ದವು. ಒಂದನ್ನು ಮುಟ್ಟಿದೆ. ಚರ್ಮ ಒಡೆದು ಕೊಳೆತ ರಸ ಬೆರಳಿಗೆ ಇಳಿಯಿತು. ಪಕ್ಕದ ಗಿಡದಲ್ಲಿ ಇನ್ನೂ ಜೀವ ಇದ್ದ, ಸೋತ ಹುಳು. ಹುಳು ಬೇಟೆಯಾಡುವ ಒಂದು ಕಂದು ಹೊಲದ ತಿಗಣೆ ಅದಕ್ಕೆ ಮೂತಿ ಚುಚ್ಚಿ ಹೀರುತ್ತಿತ್ತು. ಹೇಗೂ ಸಾಯುವ ಹುಳುವನ್ನು ಸುಮ್ನೆ ತಿನ್ನುತ್ತಿದೆಯಲ್ಲ ಅನ್ನಿಸಿತು.

ಹಿಟ್ಟಿನಹಳ್ಳಿಯ ಕೃಷಿ ಕಾಲೇಜಿಗೆ ಹೋದಾಗ ಒಬ್ಬ ಸರ್‌ಗೆ ಇದನ್ನು ಹೇಳಿದೆ. ಅವರು ಬಿಡಿಸಿ ಹೇಳಿದರು. ನಂಜಾಣುವಿನ ಸುತ್ತ ಪ್ರೋಟೀನಿನ ಗಟ್ಟಿ ಕವಚ ಇರುತ್ತದೆ. ಕಾಯಿಕೊರಕದ ಹೊಟ್ಟೆಯಲ್ಲಿ ಕ್ಷಾರ ಜಾಸ್ತಿ, ಅಲ್ಲಿ ಕವಚ ಕರಗಿ ರೋಗ ಹಿಡಿಯುತ್ತದೆ. ತಿಗಣೆಯ ಹೊಟ್ಟೆಯಲ್ಲಿ ಅದು ಕರಗುವುದಿಲ್ಲ. ತಿಗಣೆಗೆ ಏನೂ ಆಗುವುದಿಲ್ಲ, ನಂಜಾಣು ಹಾಗೇ ಹಿಕ್ಕೆಯಲ್ಲಿ ಹೊರಬರುತ್ತದೆ. ಮುಂದೆ ಹಲವು ದಿನ ತಿಗಣೆ ಕೂತ ಎಲೆಯ ಮೇಲೆಲ್ಲ ಬೀಳುತ್ತದೆ. ಆ ಎಲೆ ತಿಂದ ಹುಳುವಿಗೆ ರೋಗ. ರೋಗದ ಹುಳು ತಿಂದ ಹಕ್ಕಿಯ ಹಿಕ್ಕೆಯಲ್ಲೂ ಹೀಗೇ.

ಕೇಳಿ ಮೈ ಜುಂ ಅಂದಿತು. ಅಷ್ಟು ವರ್ಷ ಎಣ್ಣೆ ಹೊಡೆದು ನಾನು ಕೊಂದದ್ದು ಇಂಥ ತಿಗಣೆಗಳನ್ನೂ ಅಲ್ವಾ!

ಎರಡು ವಾರದ ಹೊತ್ತಿಗೆ ಹಳ್ಳದ ಕಡೆಯ ಎಕರೆಯಲ್ಲೂ ಹುಳು ಜೋತುಬಿದ್ದವು. ನಾನು ಒಂದು ಹನಿಯನ್ನೂ ಹೊಡೆಯದ ಜಾಗ! ಗಾಳಿಯೂ ಒಯ್ದಿರಬಹುದು. ಆದರೆ ಬದುವಿನ ಗಿಡಗಳಲ್ಲಿ ಆ ತಿಗಣೆ ದಿನಾ ಕಾಣುತ್ತಿತ್ತು. ಹಕ್ಕಿ ಕೂರಲೆಂದು ಅಲ್ಲಿ ಕವಲು ಕೋಲು ನೆಟ್ಟೆ. ಎಣ್ಣೆ ಡಬ್ಬಿ ಮುಟ್ಟಲೇ ಇಲ್ಲ.

ಒಂದು ಎಲ್‌ಇ ಅಂದರೆ ರೋಗದ ಒಂದು ಹುಳುವಿನಲ್ಲಿ ಸಿಗುವಷ್ಟು ನಂಜಾಣು. ಅವ್ವನೂ ನಾನೂ ಸತ್ತ ಹುಳು ನೂರರಷ್ಟು ಬಾಟಲಿಗೆ ತುಂಬಿ, ಅರೆದು, ಬಟ್ಟೆಯಲ್ಲಿ ಸೋಸಿದೆವು. ಅದೇ ಸಂಜೆ ಬದುವಿನಾಚೆಯ ಒಂದೆಕರೆ ತೊಗರಿಗೆ ಹೊಡೆದೆ.