ಮಿಸೌರಿ ಒಪ್ಪಂದವನ್ನು ನಕ್ಷೆಯಲ್ಲಿ ಓದುವುದು ಹೇಗೆ?

ಇಸವಿಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ತಲೆಗೆ ಹತ್ತುವುದಿಲ್ಲ. ಅಮೆರಿಕದ ನಕ್ಷೆ ಹರಡಿಕೊಂಡು ಮಿಸಿಸಿಪ್ಪಿ ನದಿ ಹುಡುಕಿ. ಅದರ ಪಶ್ಚಿಮಕ್ಕೆ ರಾಕಿ ಪರ್ವತದವರೆಗಿನ ನೆಲದ ದೊಡ್ಡ ಪಾಲನ್ನು 1803ರಲ್ಲಿ ಅಧ್ಯಕ್ಷ ಜೆಫರ್ಸನ್ ಸರ್ಕಾರ ಫ್ರಾನ್ಸ್‌ನಿಂದ 1.5 ಕೋಟಿ ಡಾಲರ್‌ಗೆ ಕೊಂಡಿತು (ಅಲ್ಲೇ ಇದ್ದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ ಬಿಡಿ). ಈಗ ಪೆನ್ಸಿಲ್ ತೆಗೆದುಕೊಂಡು 36 ಡಿಗ್ರಿ 30 ಮಿನಿಟ್ ಉತ್ತರ ಅಕ್ಷಾಂಶಕ್ಕೆ ಗೆರೆ ಎಳೆಯಿರಿ. 1820ರ ಮಿಸೌರಿ ಒಪ್ಪಂದದಂತೆ, ಕೊಂಡ ನೆಲದಲ್ಲಿ ಈ ಗೆರೆಯ ಉತ್ತರಕ್ಕೆ ಗುಲಾಮಗಿರಿ ಇಲ್ಲ, ಮಿಸೌರಿ ಒಂದನ್ನು ಬಿಟ್ಟು.

ಅದನ್ನೇಕೆ ಬಿಟ್ಟರು? ಸೆನೆಟ್ (ಅಮೆರಿಕ ಸಂಸತ್ತಿನ ಮೇಲ್ಮನೆ) ಲೆಕ್ಕ ಹಾಕಿ. ಗುಲಾಮಗಿರಿ ಇದ್ದ ರಾಜ್ಯ 11, ಇಲ್ಲದವು 11, ಒಂದೊಂದಕ್ಕೂ ಎರಡೆರಡು ಸೀಟು. ಹೊಸ ರಾಜ್ಯವಾಗಲು ಹೊರಟ ಮಿಸೌರಿ ಯಾವ ಕಡೆ ಸೇರಿದರೂ ತಕ್ಕಡಿ ವಾಲುತ್ತದೆ, ಅಲ್ವಾ? ಅದಕ್ಕೇ ಮಿಸೌರಿಯನ್ನು ಗುಲಾಮಗಿರಿ ಇರುವ ಕಡೆ ಸೇರಿಸಿ, ಗುಲಾಮಗಿರಿ ಇಲ್ಲದ ಮೇನ್ ರಾಜ್ಯವನ್ನು ಇನ್ನೊಂದು ತಟ್ಟೆಗೆ ಹಾಕಿದರು. ಗೆರೆ ಅಳಿಸಬೇಡಿ, 1854ರ ಕ್ಯಾನ್ಸಸ್-ನೆಬ್ರಾಸ್ಕಾ ಜಗಳಕ್ಕೂ (ಗೆರೆಯ ಉತ್ತರಕ್ಕೂ ಗುಲಾಮಗಿರಿ ಬರಬಹುದೇ ಎಂಬ ಜಗಳ) ಅದೇ ಬೇಕು.