ಬಣ್ಣ ನೋಡಬೇಡಿ, ಪಾದದ ತುಂಡು ಎಣಿಸಿ

ಮಳೆಗಾಲದಲ್ಲಿ ಕತ್ತಲಾದ ಮೇಲೆ ಮಂಡ್ಯದ ನಾಲೆ ಬದಿಯಲ್ಲೋ ಮೈಸೂರಿನ ಬಡಾವಣೆಯ ಖಾಲಿ ಸೈಟಿನಲ್ಲೋ ಟಾರ್ಚ್ ಹಿಡಿದು ನಿಂತರೆ ಚಿಮ್ಮಂಡೆ (ಇಂಗ್ಲಿಷಿನಲ್ಲಿ ಕ್ರಿಕೆಟ್), ಎಲೆಮಿಡತೆ (ಕೇಟಿಡಿಡ್) ಎಂಬ ಹುಳುಗಳು ಕಣ್ಣಿಗೆ ಬೀಳುತ್ತವೆ. ಹಸಿರಾಗಿದ್ದರೆ ಎಲೆಮಿಡತೆ, ಕಪ್ಪಗಿದ್ದರೆ ಚಿಮ್ಮಂಡೆ ಎನ್ನುವವರೇ ಹೆಚ್ಚು. ಆದರೆ ಬಣ್ಣ ನಂಬಿದರೆ ಕೆಟ್ಟೆವು. ಮರದ ಚಿಮ್ಮಂಡೆಗಳು ತಿಳಿಹಸಿರು. ಎಲೆಮಿಡತೆಗಳಲ್ಲಿ ತರಗೆಲೆಯ ಕಂದು ಬಣ್ಣದವೂ ಇವೆ.

ಮೊದಲು ಮೀಸೆ ನೋಡಿ. ದಪ್ಪಗೆ, ಮೈಗಿಂತ ಗಿಡ್ಡವಾಗಿದ್ದರೆ ಅದು ಹಗಲಿನ ಸಾಮಾನ್ಯ ಮಿಡತೆ, ಬಿಟ್ಟುಬಿಡಿ. ದಾರದಂತೆ ಉದ್ದವಿದ್ದರೆ ಮುಂದುವರಿಯಿರಿ.

ಈಗ ರೆಕ್ಕೆ. ಚಿಮ್ಮಂಡೆಯದು ಬೆನ್ನ ಮೇಲೆ ಚಪ್ಪಟೆಯಾಗಿ ಮಲಗಿ, ಅಂಚು ಮಾತ್ರ ಪಕ್ಕಕ್ಕೆ ಮಡಚಿಕೊಂಡಿರುತ್ತದೆ. ಎಲೆಮಿಡತೆಯದು ಹೆಂಚಿನ ಮನೆಯ ಮಾಡಿನಂತೆ ಎರಡೂ ಬದಿಗೆ ಇಳಿಜಾರು. ಸಾಮಾನ್ಯವಾಗಿ ಚಿಮ್ಮಂಡೆಯಲ್ಲಿ ಬಲರೆಕ್ಕೆ ಮೇಲೆ, ಎಲೆಮಿಡತೆಯಲ್ಲಿ ಎಡರೆಕ್ಕೆ ಮೇಲೆ.

ಮರಿಗಳಿಗೆ ರೆಕ್ಕೆ ಬಲಿತಿರುವುದಿಲ್ಲ. ಹಾಗಾಗಿ ನನಗೆ ಎಲ್ಲಕ್ಕಿಂತ ನಂಬಿಕೆ ಪಾದದ ಮೇಲೆ. ಹುಳುವನ್ನು ಗಾಜಿನ ಬಾಟಲಿಗೆ ಬಿಡಿ, ಅದು ಗೋಡೆ ಹತ್ತಿದಾಗ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ. ಪಾದದಲ್ಲಿ ಮೂರು ತುಂಡುಗಳಿದ್ದರೆ ಚಿಮ್ಮಂಡೆ, ನಾಲ್ಕಿದ್ದರೆ ಸಾಮಾನ್ಯವಾಗಿ ಎಲೆಮಿಡತೆ. ಹಿಂಗಾಲು ಹಿಡಿದು ಮಾತ್ರ ಎತ್ತಬೇಡಿ. ತಪ್ಪಿಸಿಕೊಳ್ಳಲು ಅದು ಕಾಲನ್ನೇ ಕಳಚಿಬಿಡುತ್ತದೆ, ಬೆಳೆದ ಹುಳುವಿಗೆ ಆ ಕಾಲು ಮತ್ತೆ ಬರುವುದಿಲ್ಲ.

ಹೆಣ್ಣಾದರೆ ಕೆಲಸ ಇನ್ನೂ ಸುಲಭ. ಹಿಂಬದಿಯ ಮೊಟ್ಟೆಯಿಡುವ ಕೊಳವೆ ಚಿಮ್ಮಂಡೆಯಲ್ಲಿ ಸಾಮಾನ್ಯವಾಗಿ ಸೂಜಿಯಂತೆ ದುಂಡಗೆ, ಎಲೆಮಿಡತೆಯಲ್ಲಿ ಕತ್ತಿಯಂತೆ ಚಪ್ಪಟೆ.

ಮಳೆ ಬಿದ್ದ ರಾತ್ರಿ ಬೀದಿದೀಪಕ್ಕೆ ಬರುವ ಒಂದು ಕಂದು ಹುಳುವಿನ ಮುಂಗಾಲು ಅಗಲವಾಗಿ, ಹಲ್ಲುಹಲ್ಲಾಗಿರುತ್ತದೆ. ಅದು ಮಣ್ಣು ತೋಡುವ ಚಿಮ್ಮಂಡೆ. ಇದರದು ಬೇರೆಯೇ ಕುಟುಂಬ. ಪಾದದಲ್ಲಿ ಮೂರೇ ತುಂಡು, ಆದರೆ ಹೆಣ್ಣಿಗೂ ಹೊರಗೆ ಕಾಣುವ ಕೊಳವೆಯಿಲ್ಲ.

ಪಾದ ನಾಲ್ಕು ತುಂಡು, ಮೀಸೆ ಮೈಗಿಂತ ಹಲವು ಪಟ್ಟು ಉದ್ದ, ಆದರೂ ಎಲೆಮಿಡತೆ ಅನ್ನಿಸುತ್ತಿಲ್ಲವೇ? ಮುಂಗಾಲಿನ ಮೊಣಕಾಲ ಕೆಳಗೆ ನೋಡಿ. ಎಲೆಮಿಡತೆಗೆ ಅಲ್ಲಿ ಕಿವಿ ಇರುತ್ತದೆ, ತೆಳುಪೊರೆಯ ಗುಳಿಯಾಗಿಯೋ ಸಣ್ಣ ಸೀಳಾಗಿಯೋ. ಅದು ಇಲ್ಲದಿದ್ದರೆ, ಬಾಯಿಂದ ನೂಲು ತೆಗೆದು ಎಲೆ ಸುತ್ತಿ ಹಗಲೆಲ್ಲ ಒಳಗೆ ಅಡಗುವ ಎಲೆಸುರುಳಿ ಚಿಮ್ಮಂಡೆಯ ಕುಟುಂಬದ್ದಿರಬಹುದು; ಹೆಸರಿನಲ್ಲಿ ಚಿಮ್ಮಂಡೆ ಇದ್ದರೂ ಅದರ ಪಾದ ನಾಲ್ಕು ತುಂಡು.

ಹೆಸರು ಕೇಳಲು ತಜ್ಞರಿಗೆ ಫೋಟೊ ಕಳಿಸುವುದಾದರೆ ಮೂರು ಕಳಿಸಿ: ಮೇಲಿನಿಂದ, ಪಕ್ಕದಿಂದ, ಪಾದದ್ದು ಹತ್ತಿರದಿಂದ. ಆಮೇಲೆ ಹುಳುವನ್ನು ಹಿಡಿದ ಗಿಡದ ಮೇಲೇ ಬಿಡಿ.